ಒತ್ತಿದರೂ ಮಾಸದ ಕಲೆ

ಬಾಲಾನಗರದ ನಮ್ಮ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಯಾರದೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೂ ಓಣಿಗೆಲ್ಲ ಅರ್ಥವಾಗುತ್ತದೆ: ಆ ಮನೆಗೆ ಅಮ್ಮ ಬಂದಿದ್ದಾಳೆ, ಯಾರೂ ಹೋಗಬಾರದು, ಔಷಧ ಕೊಡಬಾರದು. ೧೯೯೮ರಲ್ಲಿ ಒಂದು ದಿನ ಕಾರ್ಖಾನೆಯ ಕೆಲಸಗಾರ ಪ್ರಾಣೇಶನ ಬಾಗಿಲಲ್ಲಿ ಆ ಸೊಪ್ಪು ಕಂಡಿತು. ನಾನು ದವಾಖಾನೆಯ ನರ್ಸ್ ಸುಭದ್ರಾ. ಅವನ ಹದಿನೈದು ತಿಂಗಳ ಕೂಸು ನೀಲಾಳಿಗೆ ಎರಡು ವಾರದ ಹಿಂದೆ ದಡಾರ-ಮಂಗನಬಾವಿನ ಲಸಿಕೆ ಹಾಕಿದವಳು ನಾನೇ.

ಯಾರನ್ನೂ ಕೇಳದೆ ಒಳಹೊಕ್ಕೆ. ಮಟಮಟ ಮಧ್ಯಾಹ್ನ, ಆದರೂ ಕಿಟಕಿಗೆ ಕೆಂಪು ಸೀರೆ ಇಳಿಬಿಟ್ಟಿದ್ದರು. ಒಗ್ಗರಣೆಯ ವಾಸನೆಯಿಲ್ಲ, ಮಾತಿಲ್ಲ. ಆ ಕೆಂಪು ಕತ್ತಲಲ್ಲಿ ಕೂಸು ಒಂದೇ ಕುಳಿತು ನಗುತ್ತಿತ್ತು. ನಕ್ಕಾಗ ಹಲ್ಲಿನ ಸಂದಿಯಲ್ಲಿ ರಕ್ತ ಕಂಡಿತು.

ತಾಯಿ ಗುಣವತಿ ಪಿಸುದನಿಯಲ್ಲಿ ಹೇಳಿದಳು. ಜ್ವರವಿಲ್ಲ, ಅಳುವಿಲ್ಲ, ಕೂಸು ಬಿದ್ದಿಲ್ಲ. ಆದರೂ ದಿನಕ್ಕೊಂದು ಹೊಸ ನೀಲಿ ಕಲೆ. ನಿನ್ನೆ ತೊಡೆಯ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿವೆ. ಗಂಡನಿಗೆ ಅವಳ ಮೇಲೆ ಅನುಮಾನ, ಅವಳಿಗೆ ಅತ್ತೆಯ ಮೇಲೆ. ಈಗ ಕೂಸನ್ನು ಮುಟ್ಟಲು ಮೂವರಿಗೂ ಹೆದರಿಕೆ.

ಅತ್ತೆ ಗೋದಾಬಾಯಿ ನನ್ನ ಮುಖ ನೋಡಲಿಲ್ಲ. “ಕೂಸಿನ ಮೈಯಾಗ ಅಮ್ಮ ಆಟ ಆಡಾಕತ್ತಾಳ. ಔಷಧ ಅಂದ್ರ ಸಿಟ್ಟಾಗ್ತಾಳ. ನೀ ಸೂಜಿ ಚುಚ್ಚಿದ್ದಕ್ಕ ಬಂದಾಳವಾ.”

ನನಗೆ ಸಿಟ್ಟು ಬಂತು, ಭಯ ಅದಕ್ಕಿಂತ ಹೆಚ್ಚು. ಗಾಜಿನ ಲೋಟ ತರಿಸಿ, ಕಾಲಿನ ಸಣ್ಣ ಕೆಂಪು ಚುಕ್ಕೆಗಳ ಮೇಲೆ ಒತ್ತಿದೆ. ಸಾಮಾನ್ಯ ದದ್ದಾಗಿದ್ದರೆ ಗಾಜಿನಡಿ ಬಣ್ಣ ಮಾಸಬೇಕಿತ್ತು. ಮಾಸಲಿಲ್ಲ. ರಕ್ತ ಚರ್ಮದ ಕೆಳಗೆ ಸೋರಿತ್ತು.

“ಗೋದಾಬಾಯಾರ, ನಿನ್ನೆ ಕೂಸಿಗೆ ನೀರು ಎರದವರು ಯಾರ್ರಿ?”

“ನಾನು. ಕಾಲ ಮ್ಯಾಲ ಹಾಕ್ಕೊಂಡು ಎಣ್ಣಿ ತಿಕ್ಕಿ ಎರದೆ.”

ಅವರ ಕೈಯನ್ನು ತೊಡೆಯ ಮೇಲಿನ ಆ ಕಲೆಗಳ ಹತ್ತಿರ ಹಿಡಿದೆ. ನಾಲ್ಕೂ ಬೆರಳು ಸರಿಯಾಗಿ ಹೊಂದಿದವು. ಗೋದಾಬಾಯಿ ಕೈ ಎಳೆದುಕೊಂಡರು.

“ನಿಮ್ಮ ತಪ್ಪಲ್ಲರಿ. ರಕ್ತ ಹೆಪ್ಪುಗಟ್ಟಿಸೋ ಕಣ ಕಡಿಮಿ ಆಗ್ಯಾವ, ಮೆಲ್ಲಗ ಹಿಡದ್ರೂ ಕಲಿ ಮೂಡತಾವ. ಕೂಸಿನ ಮೈ ತನ್ನ ಕಣಗಳನ್ನ ತಾನ ವೈರಿ ಅಂತ ತಿಳದು ಕೊಲ್ಲಾಕತ್ತೈತಿ. ತಲಿಯೊಳಗ ರಕ್ತ ಸೋರಿದ್ರ ಕೂಸು ಉಳಿಯೂದು ಕಷ್ಟ. ಏಳ್ರಿ.”

ಲಸಿಕೆಯಿಂದ ಹೀಗಾಯಿತೇ ಎಂದು ಗುಣವತಿ ಕೇಳಿದಳು. ನಾನು ಮುಚ್ಚಿಡಲಿಲ್ಲ. ಆಗಿರಬಹುದು, ಹತ್ತಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಹೆಚ್ಚಿನವರು ಗುಣವಾಗುತ್ತಾರೆ ಎಂದೆ. ದಡಾರವೇ ಬಂದರೆ ಅಪಾಯ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದೂ ಹೇಳಿದೆ.

ಗೋದಾಬಾಯಿ ತಾವೇ ಕೂಸನ್ನು ಹಗುರವಾಗಿ ಎತ್ತಿಕೊಂಡು ಆಟೋ ಹತ್ತಿದರು. ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ ಕಣಗಳು ಆರು ಸಾವಿರ ಇದ್ದವು. ಔಷಧ ನಡೆಯಿತು. ತಿಂಗಳೊಳಗೆ ಕಣಗಳು ಏರಿದವು, ಹೊಸ ಕಲೆ ಏಳುವುದು ನಿಂತಿತು. ಆ ದಿನ ನಾನು ಅತ್ತುಬಿಟ್ಟೆ.

ಓಣಿಯ ಹೆಂಗಸರು ಲಸಿಕೆಯೇ ಬೇಡವೆಂದಾಗ ಉತ್ತರ ಕೊಟ್ಟವರು ಗೋದಾಬಾಯಿ. “ಲಸಿಕಿ ಬಿಡಬ್ಯಾಡ್ರಿ. ಹಾಕಿಸಿದ ಮ್ಯಾಲ ಕೂಸಿನ ಮೈ ನೋಡೂದೂ ಬಿಡಬ್ಯಾಡ್ರಿ.”

ಅಕ್ಕತಂಗಿಯರೇ, ಲಸಿಕೆಯಾದ ಆರು ವಾರದೊಳಗೆ ಪೆಟ್ಟಿಲ್ಲದೆ ನೀಲಿ ಕಲೆ ಎದ್ದರೆ, ಚುಕ್ಕೆ ಒತ್ತಿದರೂ ಮಾಸದಿದ್ದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ, ಮನೆಯಲ್ಲಿದ್ದ ಮಾತ್ರೆ ಕೊಡಬೇಡಿ. ಆಸ್ಪತ್ರೆಗೆ ಓಡಿ, ಲಸಿಕೆ ಯಾವಾಗ ಹಾಕಿಸಿದಿರಿ ಎಂದು ತಿಳಿಸಿ. ಮುಂದಿನ ಲಸಿಕೆ ಹಾಕಿಸಬೇಕೋ ಬೇಡವೋ ಎಂದು ವೈದ್ಯರೇ ನಿರ್ಧರಿಸಲಿ. ಇನ್ನೊಂದು ದಿನ ತಡವಾಗಿದ್ದರೆ ನೀಲಾ ಏನಾಗುತ್ತಿದ್ದಳೋ, ನೆನೆಯಲು ನನ್ನಿಂದ ಈಗಲೂ ಆಗುವುದಿಲ್ಲ. ನಾಳೆ ನೋಡೋಣ ಎನ್ನಬೇಡಿ.