ಫಾಂಗ್ ಅಕ್ಕನ ಪುಕ್ಕಟೆ ಕವರು

ಚೀನಾದ ಷೆನ್‌ಜೆನ್‌ನ ಹ್ವಾಚಿಯಾಂಗ್‌ಬೇ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ಫಾಂಗ್ ಯೂಲಾನ್‌ಗೆ ‘ಕಣ್ಣಿನ ಡಾಕ್ಟರ್’ ಎಂದು ಹೆಸರು. ಊರು ಕೊಟ್ಟ ಹೆಸರಲ್ಲ, ತಾನೇ ಬೋರ್ಡಿಗೆ ಬರೆಸಿಕೊಂಡದ್ದು. ಆದರೂ ಹನ್ನೊಂದು ವರ್ಷ ಫೋನಿನ ಕ್ಯಾಮೆರಾ ಬಿಟ್ಟು ಬೇರೇನನ್ನೂ ರಿಪೇರಿಗೆ ಮುಟ್ಟದೆ ಅದನ್ನು ಉಳಿಸಿಕೊಂಡಿದ್ದಳು. ಇವತ್ತು ಅದು ಹೋಗುವ ಹಾಗಿತ್ತು.

ಸ್ಕೂಟರಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವ ತಾಂಗ್ ಮೂರನೇ ಸಲ ಬಂದು ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ.

“ನೋಡಿ ಅಕ್ಕ, ನೂಡಲ್ಸ್ ಬಾಗಿಲಲ್ಲಿಟ್ಟು ಸಾಕ್ಷಿಗೆ ಫೋಟೋ ತೆಗೆದ್ರೆ ಬರೀ ಮಂಜು. ಗಿರಾಕಿ ತಿಂದು ಬಾಯಿ ಒರೆಸ್ಕೊಂಡು ‘ಊಟ ಬಂದೇ ಇಲ್ಲ’ ಅಂತಾನೆ. ನಮ್ಮ ಸವಾರರ ಗುಂಪಲ್ಲಿ ಮುನ್ನೂರು ಜನ ಇದ್ದೀವಿ. ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ಎಲ್ರೂ ಗುವೋ ಅಣ್ಣನ ಹತ್ರಾನೇ.”

ಎದುರಂಗಡಿಯಲ್ಲಿ ಅದೇ ಕೆಲಸ ಮಾಡುವ ಗುವೋ ಸೂರ್ಯಕಾಂತಿ ಬೀಜ ಕಟಕ್ಕೆಂದು ಕಡಿದು, “ಬನ್ನಿ ಬನ್ನಿ, ಕುರ್ಚಿ ಒರೆಸಿಟ್ಟಿದ್ದೀನಿ” ಎಂದ.

“ಹೋದ ಸಲ ಹೊಸ ಕ್ಯಾಮೆರಾ ಹಾಕಿ, ಇಲ್ಲೇ ತೋರಿಸಿ ಕಳಿಸ್ಲಿಲ್ವೇನೋ? ನಿನ್ನ ಕೈಯೇ ನಡುಗ್ತಿರಬೇಕು” ಎನ್ನುತ್ತ ಫಾಂಗ್ ಅಭ್ಯಾಸದಂತೆ ಮೊದಲು ಕವರು ಕಳಚಿ ಪಕ್ಕಕ್ಕಿಟ್ಟಳು. ಫೋನನ್ನು ಗುವೋನ ಮೂಗಿಗೆ ಹಿಡಿದಳು. ಮೂಗಿನೊಳಗಿನ ಕೂದಲು ಎಣಿಸಬಹುದಿತ್ತು.

“ಸರಿಯಾಗೇ ಇದೆಯಲ್ಲೋ.”

ತಾಂಗ್ ಫೋನ್ ಕಿತ್ತುಕೊಂಡು, ಕವರು ತೊಡಿಸಿ, ಅದೇ ಮೂಗಿಗೆ ಹಿಡಿದ. ಒಳಗೆ ಜಿರಳೆ ಸಿಕ್ಕಿಕೊಂಡಂತೆ ಕಿಟಿಕಿಟಿ ಸದ್ದು. ಪರದೆಯಲ್ಲಿ ಗುವೋಗೆ ಮೂಗೇ ಇರಲಿಲ್ಲ.

ಫಾಂಗ್ ಫೋನನ್ನು ತಿರುವಿ ನೋಡಿದಳು. ಹನ್ನೊಂದು ವರ್ಷದಲ್ಲಿ ಒಂದು ಫೋನನ್ನೂ ಅವಳು ಬಟ್ಟೆ ತೊಡಿಸಿ ಪರೀಕ್ಷೆ ಮಾಡಿದವಳಲ್ಲ. ಕವರಿನ ಬೆನ್ನಲ್ಲಿ ಸ್ಕೂಟರಿಗೆ ಅಂಟಿಸಲು ಉಂಗುರದಂಥ ಆಯಸ್ಕಾಂತ, ಅದರ ಕೆಳಗೆ ಕೆಂಪು ಅಕ್ಷರ: ‘ಕಣ್ಣಿನ ಡಾಕ್ಟರ್ ಫಾಂಗ್, ಹತ್ತನೇ ವರ್ಷದ ಕಾಣಿಕೆ’. ತಾಂಗ್ ಮೊದಲ ಸಲ ಕ್ಯಾಮೆರಾದ ಒಡೆದ ಗಾಜು ಬದಲಿಸಲು ಬಂದಾಗ, ಎಲ್ಲ ಗಿರಾಕಿಗಳಿಗೂ ಕೊಟ್ಟ ಹಾಗೆ, ತಾನೇ ಪುಕ್ಕಟೆ ಕೊಟ್ಟದ್ದು. ಆಯಸ್ಕಾಂತ ಸ್ವಲ್ಪ ಜಾಸ್ತಿ ಬಲವಾಗಿಯೇ ಇರಲಿ ಎಂದು ಹಟ ಹಿಡಿದು ಮಾಡಿಸಿದ್ದೂ ತಾನೇ.

ಧೂಳು ಕೂತಿದೆ ಎಂದರೆ ಸಾಕಿತ್ತು, ತಾಂಗ್ ನಂಬುತ್ತಿದ್ದ. ಹಾಗೆನ್ನಲು ಬಾಯಿ ತೆರೆದಳು. ನಾಚಿಕೆಯಾಗಿ ಮುಚ್ಚಿದಳು.

“ತಪ್ಪು ನಂದೇ ಕಣೋ. ಒಳಗಿನ ಪುಟ್ಟ ಗಾಜಿಗೆ ತಂತಿ ಸುತ್ತಿರುತ್ತೆ, ಪಕ್ಕದಲ್ಲಿ ಚೂರು ಆಯಸ್ಕಾಂತ. ಎಡಗಡೆಯಿಂದ ಬಂದ ಬೆಳಕು, ಬಲಗಡೆಯಿಂದ ಬಂದ ಬೆಳಕು ಎರಡೂ ಒಂದೇ ಮಾತು ಹೇಳಿ ಚಿತ್ರ ಸ್ಪಷ್ಟ ಆಗೋವರೆಗೂ ಫೋನು ತಂತಿಗೆ ಕರೆಂಟ್ ಬಿಟ್ಟು ಗಾಜನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತೆ. ಬೆನ್ನಿಗೇ ಇನ್ನೊಂದು ದೊಡ್ಡ ಆಯಸ್ಕಾಂತ ಕೂತ್ರೆ ಆ ಗಾಜು ಯಾರ ಮಾತು ಕೇಳ್ಬೇಕು? ನನ್ನ ಗಂಡನೂ ಹಾಗೇ. ಕರೆದ್ರೆ ಬರ್ತಾನೆ, ಅವರಮ್ಮ ಪಕ್ಕದ ಕೋಣೇಲಿದ್ರೆ ಅಲ್ಲಾಡಲ್ಲ.”

“ಹಾಗಾದ್ರೆ ಮುನ್ನೂರು ಜನಕ್ಕೆ ನಾನೇನು ಹೇಳ್ಲಿ?”

“ನೀನು ಬೇಡ, ನಾನೇ ಹೇಳ್ತೀನಿ.” ಅವನ ಫೋನಿನಲ್ಲೇ ಗುಂಡಿ ಒತ್ತಿ ಸವಾರರ ಗುಂಪಿಗೆ ದನಿ ಸಂದೇಶ ಕಳಿಸಿದಳು: “ನಾನು ಫಾಂಗ್. ನಾನು ಕೊಟ್ಟ ಕವರು ಕಿತ್ತು ಬಿಸಾಕಿ. ನಿಮ್ಮ ಫೋಟೋ ಕೆಡಿಸಿದ್ದು ನಾನೇ.” ಹನ್ನೊಂದು ವರ್ಷದ ಮಾನ ಮೂರು ವಾಕ್ಯಕ್ಕೆ ಮುಗಿಯಿತು ಅನ್ನಿಸಿ ಅಳು ಬಂತು.

ಗುವೋನ ನಗೆಗೆ ಕಾದಳು. ನಗೆ ಬರಲಿಲ್ಲ, ಬೀಜ ಕಡಿಯುವ ಸದ್ದೂ ನಿಂತಿತ್ತು. ಗುವೋ ಒಂದು ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳುತ್ತಿದ್ದ. ಫಾಂಗ್ ಹೋಗಿ ಮುಚ್ಚಳ ಎತ್ತಿದಳು. ತುಂಬ ಅಂಥದ್ದೇ ಕವರು, ಅಂಥದ್ದೇ ಕೆಂಪು ಅಕ್ಷರ; ಉಂಗುರ ಮಾತ್ರ ಇನ್ನೂ ದಪ್ಪ. ‘ಕಣ್ಣಿನ ಪ್ರೊಫೆಸರ್ ಗುವೋ’.

“ಎಷ್ಟು ಹಂಚಿದ್ದೀರಿ, ಗುವೋ ಅಣ್ಣ?”

“ಐನೂರು” ಎಂದ ಗುವೋ, ಬೀಜವನ್ನು ಸಿಪ್ಪೆ ಸಮೇತ ನುಂಗಿ.

ಫಾಂಗ್ ಕಣ್ಣೊರೆಸಿಕೊಂಡು ತಾಂಗ್‌ನ ಫೋನನ್ನು ಗುವೋನ ಬಾಯಿಗೆ ಹಿಡಿದಳು. “ಗುಂಪಿಗೆ ಹೋಗೋ ಗುಂಡಿ ಒತ್ತಿದ್ದೀನಿ, ಮಾತಾಡಿ.”