ಲಿಂಬೆ ಗಿಡದ ಸಾತಭಾಯಿಗಳು

ಬಸವಕಲ್ಯಾಣದಲ್ಲಿ ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಆಮ್ರಪಾಲಿಯ ಅಡ್ಡಹೆಸರು ಕೇಳಿದ್ದರು. ಈ ಮನೆಯ ಮಾಲಕ ತುಳಜಾರಾಮ ಕೇಳಲಿಲ್ಲ. ಹಿತ್ತಲಿನ ಬಾಗಿಲು ತೆರೆದು ಲಿಂಬೆ, ಸೀತಾಫಲ, ಕರಿಬೇವಿನ ಗಿಡಗಳನ್ನು ತೋರಿಸಿ, "ಪಕ್ಷಿಗೋಳಿಗಿ ನೀರು ಇಡ್ತೀರೇನ್ರಿ ಸಿಸ್ಟರ್?" ಎಂದ. ಇಡುತ್ತೇನೆ ಎಂದಳು. ಚಾವಿ ಕೊಟ್ಟುಬಿಟ್ಟ.

ಅವಳು ಸರ್ಕಾರಿ ಆಸ್ಪತ್ರೆಯ ನರ್ಸು, ಹುಮನಾಬಾದಿನಿಂದ ವರ್ಗವಾಗಿ ಬಂದವಳು. ಅವನು ಅರವತ್ತು ದಾಟಿದ ರೈತ. ಮೂರು ವರ್ಷದ ಹಿಂದೆ ಹೆಂಡತಿ ಶೇವಂತಾಬಾಯಿ ಇದೇ ಹಿತ್ತಲಿನಲ್ಲಿ ಲಕ್ವಾ ಹೊಡೆದು ತೀರಿಕೊಂಡ ಮೇಲೆ ಮನೆ ಬಾಡಿಗೆಗೆ ಬಿಟ್ಟು, ಕೊಹಿನೂರು ಎಂಬ ಊರಿನಲ್ಲಿ ತಮ್ಮನ ಜೊತೆ ಇದ್ದ.

ಆಮ್ರಪಾಲಿಗೆ ರಾತ್ರಿ ಪಾಳಿ ಬಿದ್ದಿದ್ದರಿಂದ ಬೆಳಗಿನ ಹೊತ್ತು ಮನೆಯಲ್ಲೇ ಇರುತ್ತಿದ್ದಳು. ಮಣ್ಣಿನ ಬೋಗುಣಿಗೆ ನೀರು ತುಂಬಿ, ಹಿಡಿ ಜೋಳ ಚೆಲ್ಲಿ, ಚಹಾ ಹಿಡಿದು ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು. ಪಿಕಳಾರಗಳು ಬಂದವು, ಅಳಿಲುಗಳು ಬಂದವು. ಹತ್ತು ಗಂಟೆಯ ಸುಮಾರಿಗೆ ಸಾತಭಾಯಿಗಳು ಬರುತ್ತಿದ್ದವು. ಮಣ್ಣಿನ ಬಣ್ಣದ, ಹಳದಿ ಕಣ್ಣಿನ, ಯಾವಾಗಲೂ ಗುಂಪಾಗಿಯೇ ತಿರುಗುವ ಹಕ್ಕಿಗಳು. ಜೋಳವನ್ನು ಅವು ಮುಟ್ಟುತ್ತಿರಲಿಲ್ಲ. ಕಲ್ಲಿನ ನೀರಿನ ತೊಟ್ಟಿಯ ಪಕ್ಕದ ಲಿಂಬೆ ಗಿಡದಲ್ಲಿ ಕೂತು, ಬಾಲ ಬಿಚ್ಚಿ, ಎಲ್ಲವೂ ಕೆಳಗಿನ ಒಂದೇ ಜಾಗ ನೋಡುತ್ತ ಕಿರುಚುತ್ತಿದ್ದವು. ಆ ಜಾಗದಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಲು ತಾಸಿನ ಮೇಲೆ ಸುಮ್ಮನಾಗಿ ಹಾರಿಹೋಗುತ್ತಿದ್ದವು. ಮರುದಿನ ಮತ್ತೆ ಅದೇ.

ಪಕ್ಕದ ಮನೆಯ ನೂರೀನ್ ಗೋಡೆಯಾಚೆಯಿಂದ ಹೇಳಿದಳು: "ಶೇವಂತಾ ಆಪಾ ಆ ತೊಟ್ಟಿಗಿ ಆತು ಕುಂತಂಗೇ ಸತ್ತಾಳ್ರಿ. ಪಕ್ಷಿಗೋಳು ಅದನ್ನ ಮರಿಯಂಗಿಲ್ಲ. ನಿಮಕಿಂತ ಮೊದ್ಲು ಇದ್ದವ್ರು ಎರಡೇ ತಿಂಗಳಿಗಿ ಬಿಟ್ಟು ಹೋದ್ರು."

ಆಮ್ರಪಾಲಿ ದೆವ್ವ ನಂಬುವವಳಲ್ಲ. ಆದರೂ ತೊಟ್ಟಿಯ ಕಡೆ ಬಟ್ಟೆ ಒಣಹಾಕುವುದನ್ನು ಬಿಟ್ಟಳು. ಪಾಳಿ ಮುಗಿಸಿ ಮಲಗಿದಾಗ ಕಿರುಚಾಟ ಶುರುವಾದರೆ ಚಾದರ ತಲೆಗೆಳೆದುಕೊಳ್ಳುತ್ತಿದ್ದಳು. ಅಲ್ಲಿ ಯಾರೋ ಕೂತಿದ್ದಾರೆ, ತನಗೆ ಮಾತ್ರ ಕಾಣುತ್ತಿಲ್ಲ, ಹಕ್ಕಿಗಳಿಗೆ ಕಾಣುತ್ತಿದೆ ಎನ್ನಿಸುತ್ತಿತ್ತು.

ಒಂದು ದಿನ ತಡೆಯಲಾರದೆ ಎದ್ದು ಬಂದಳು. ಸಾತಭಾಯಿಯೊಂದು ನೆಲದ ತನಕ ಇಳಿದು ಎಗರಾಡುತ್ತಿತ್ತು. ತೊಟ್ಟಿಯ ಹಾಸುಗಲ್ಲಿನ ಬಿರುಕಿನಿಂದ ಹೆಡೆಯೊಂದು ಮೇಲೆದ್ದಿತು. ಅಲ್ಲೇ ನಿಂತಳು. ಅದು ನಿಧಾನವಾಗಿ ಒಳಗೆ ಸರಿದ ಮೇಲೆ ಮನೆಯೊಳಗೆ ಹೋಗಿ ಫೋನು ಹುಡುಕಿದಳು.

ಹಾವು ಹಿಡಿಯುವ ಸಂಜುಕುಮಾರ ಬಂದು ಹಾಸುಗಲ್ಲು ಎಬ್ಬಿಸಿದ. ದೊಡ್ಡ ನಾಗರ. ಅದನ್ನು ಚೀಲಕ್ಕಿಳಿಸಿ, ಒಳಗೆ ಕೋಲಾಡಿಸಿ ಪೊರೆಗಳನ್ನು ಎಳೆದು ಹಾಕಿದ. ಹೊಸವು, ಹಳೆಯವು, ಮುಟ್ಟಿದರೆ ಪುಡಿಯಾಗುವಂಥವು. "ಭಾಳ ವರ್ಷದಿಂದ ಇಲ್ಲೇ ವಸ್ತಿ ಅದರಿ ಇದರದು," ಎಂದ.

ಫೋನು ಮಾಡಿದ್ದಕ್ಕೆ ತುಳಜಾರಾಮ ಮಧ್ಯಾಹ್ನದ ಬಸ್ಸಿಗೆ ಬಂದ. ಪೊರೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಸಿಸ್ಟರ್, ನಾಗರ ಕಡದ್ರ ನಾಲಿಗಿ ತೊದಲ್ತದೇನ್ರಿ?"

"ತೊದಲ್ತದ್ರಿ."

"ರೆಪ್ಪಿ ಜೋತು ಬೀಳ್ತಾವ?"

ಮಾತು ಎಲ್ಲಿಗೆ ಹೊರಟಿದೆ ಎಂದು ಅವಳಿಗೆ ಗೊತ್ತಾಯಿತು. "ಹೌದ್ರಿ."

"ಆಕಿ ಕಾಲೂ ಬಾತಿತ್ತು. ಲಿಂಬಿ ಮುಳ್ಳು ನಟ್ಟಿರಬೇಕು ಅಂದೆ. ಎಲ್ಲಾರೂ ಲಕ್ವಾ ಅಂದ್ರು, ನಾನೂ ಹೂಂ ಅಂದೆ." ಅವನು ಪೊರೆಯ ತುಂಡೊಂದನ್ನು ಬೆರಳಲ್ಲಿ ಉಜ್ಜಿದ. "ಆ ದಿನ ಜಗಳ ಆಗಿತ್ತು. ಭಾಜಿಗಿ ಉಪ್ಪಿಲ್ಲಂತ ತಾಟು ದೂಡಿದ್ದೆ. ಆಕಿ ಹಿತ್ತಲಿಗಿ ಹೋದ್ಲು. 'ಬರ್ರಿ, ಜಲ್ದಿ ಬರ್ರಿ' ಅಂತ ಕರದ್ಲು. ಪಕ್ಷಿಗೋಳಿಗಿ ದಿನಾ ಹಂಗೇ ಕರೀತಿದ್ಲು, ಬೀಗರಿಗಿ ಕರದಂಗ. ಪಕ್ಷಿ ಕರಿಯಾಕತ್ತಾಳ ಅಂತ ಟಿವಿ ಆವಾಜು ಏರಿಸಿದೆ."

ಬೆರಳಿನ ಪುಡಿ ಒರೆಸಿಕೊಂಡು ಹೇಳಿದ: "ನನಗೂ ಹಂಗೇ ಕರೀತಿದ್ಲ್ರಿ. ಗಂಡನ ಹೆಸರು ಹ್ಯಾಂಗ ಹಿಡೀತಾಳ?"

"ಆಮ್ಯಾಲ ಯಾವಾಗ ಹೋಗಿ ನೋಡಿದ್ರಿ?"

"ತಾಸಾಗಿರಬೇಕು. ತೊದಲಿ ಏನೋ ಅಂದು ಅಲ್ಲೇ ಜೀವ ಬಿಟ್ಲು. ಆಗಲೇ ಹೋದ್ರ ಉಳೀತಿದ್ಲೇನು?"

ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷದ ಹಾದಿ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇರುವ ಫ್ರಿಜ್ಜಿನ ಚಾವಿ ಆಮ್ರಪಾಲಿಯ ಚೀಲದಲ್ಲೇ ಇತ್ತು. "ಹೇಳಾಕ ಬರಂಗಿಲ್ರಿ," ಎಂದಳು. "ಲಕ್ವಾನೇ ಇರಬಹುದು."

ತುಳಜಾರಾಮ ಅವಳ ಮುಖವನ್ನೇ ನೋಡಿದ. "ದವಾಖಾನ್ಯಾಗ ಭಾಳ ಮಂದಿಗಿ ಹಿಂಗ ಹೇಳೀರಿ, ಕಾಣ್ತದ," ಎಂದು ಎದ್ದುಹೋದ.

ಮರುದಿನ ಮೊದಲ ಬಸ್ಸಿಗೇ ಬಂದ. ಅದರ ಮರುದಿನವೂ. ಕೇಳದೆ ಹಿತ್ತಲಿಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹತ್ತಕ್ಕೆ ಸಾತಭಾಯಿಗಳು ಬಂದು ಒಣಗೆಲೆ ಕೆದರಿ ಹುಳ ಹೆಕ್ಕುತ್ತಿದ್ದವು. ಈಗ ಒಂದೂ ಕಿರುಚುತ್ತಿರಲಿಲ್ಲ. ಹಿತ್ತಲು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಹಿಂದಿನ ಗದ್ದಲವೇ ಲೇಸು ಎಂದು ಆಮ್ರಪಾಲಿಗೆ ಅನ್ನಿಸಿತು.

ಐದನೆಯ ದಿನ ಅವಳು ಅಡಿಗೆ ಮಾಡುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

"ಕರದ್ರೇನ್ರಿ?"

"ಇಲ್ರಿ ಕಾಕಾ."

ಹೋಗಿ ಕೂತ. ರೊಟ್ಟಿ ಒಂದು ಬದಿ ಬೇಯುವಷ್ಟರಲ್ಲಿ ಮತ್ತೆ ಬಂದ. "ಕರದಂಗಾತು."

"ನಾ ಕರದಿಲ್ರಿ. ನೂರೀನ್ ಮನಿಯಾಗೂ ಯಾರಿಲ್ಲ."

"ಹಂಗಾದ್ರ ಹೋಗಿ ನೋಡಬೇಕು," ಎಂದು ಅವನು ಲಿಂಬೆ ಗಿಡದ ಕಡೆ ಅವಸರದಿಂದ ನಡೆದ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು.

ಆಮ್ರಪಾಲಿ ಒಲೆ ಆರಿಸಿ ಹಿಂದೆಯೇ ಹೋದಳು. ಇಬ್ಬರೂ ತೊಟ್ಟಿಯ ಹತ್ತಿರ ನಿಂತರು. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವನು ನೆಲಕ್ಕೆ ಕೂತು, ಯಾರದೋ ಪಾದ ಹುಡುಕುವವನಂತೆ ಎಲೆಗಳನ್ನು ಸರಿಸತೊಡಗಿದ. ಅವಳು ತಡೆಯಲಿಲ್ಲ. ಹನ್ನೊಂದರ ಸುಮಾರಿಗೆ ಕೈ ಹಿಡಿದು ಎಬ್ಬಿಸಿ, ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಕೊಹಿನೂರಿನ ಬಸ್ಸು ಹತ್ತಿಸಿದಳು. ಅವನ ತಮ್ಮ ದತ್ತುವಿಗೆ ಫೋನು ಮಾಡಿ, ನಾಳೆಯಿಂದ ಅಣ್ಣನನ್ನು ಒಬ್ಬನೇ ಕಳಿಸಬೇಡಿ ಎಂದಳು.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಅವಳು ಬಂದಾಗ ಅಣ್ಣ ತಮ್ಮ ಇಬ್ಬರೂ ಗೇಟಿನ ಮುಂದೆ ನಿಂತಿದ್ದರು. "ಎಷ್ಟು ಹೇಳಿದ್ರೂ ಕೇಳವಲ್ಲರಿ," ಎಂದ ದತ್ತು. ಆಮ್ರಪಾಲಿ ಬೀಗ ತೆಗೆದು ಇಬ್ಬರಿಗೂ ದಾರಿ ಬಿಟ್ಟಳು.