ಉಬ್ಬು ಬಾಗಿಲಿನ ಬಿಟ್

ಗಾಜಿನ ಕೌಂಟರಿನ ಮೇಲೆ ಇಟ್ಟ, ಮರ ಕೊರೆಯುವ ಮಷೀನಿನ ದೊಡ್ಡ ಬಿಟ್ ತನ್ನಷ್ಟಕ್ಕೆ ಅರ್ಧ ಸುತ್ತು ಉರುಳಿ, ಅಲಗನ್ನು ಅವಳ ಕಡೆಗೇ ತಿರುಗಿಸಿ ನಿಂತಿತು, ಮೈಯೆಲ್ಲ ಕೆಂಪು ಬಣ್ಣ, ಅಂಚಿನ ಎರಡು ಅಲಗು ಮಾತ್ರ ಬೂದಿ, ಎಷ್ಟಗಲ ಇದೆ, ಒಂದು ಪೂರಿಯಷ್ಟು, ಇದರ ಮೇಲೆ ಅಂಗೈ ಇಟ್ಟರೆ ಬೆರಳುಗಳಷ್ಟೇ ಹೊರಗೆ ಉಳಿಯುತ್ತವೆ, ಬೆರಳು, ಬೇಡ, ಅದನ್ನು ಯೋಚಿಸಬಾರದು — ಮೋನಿಕಾ ಎರಡೂ ಕೈಗಳನ್ನು ವೇಲಿನೊಳಗೆ ಸುತ್ತಿಕೊಂಡಳು, ಚಿಕ್ಕಮಗಳೂರಿನಲ್ಲಿ ಈ ಹೊತ್ತಿಗೇ ಸೆಕೆ, ಅವಳಿಗೆ ಮಾತ್ರ ಚಳಿ. ಏನಮ್ಮಾ, ಇದನ್ನೇ ಹಾಕ್ಲಾ, ಅಂಗಡಿಯ ಕಲ್ಲೇಶಣ್ಣ ಕೇಳುತ್ತಿದ್ದಾರೆ, ಕಿಚನ್ ಕಬೋರ್ಡಿಗೆ ಉಬ್ಬು ಬಾಗಿಲು ಅಂದ್ರೆ ಎಲ್ರೂ ಇದನ್ನೇ ಒಯ್ಯೋದು, ಹಲಗೆ ಮೇಜಿನ ಮೇಲೆ ಮಲಗಿಸಿ ತಳ್ತಾ ಹೋದ್ರಾಯ್ತು, ನಡು ಉಬ್ಬಿ ನಿಲ್ತದೆ, ಸುತ್ತ ಇಳಿಜಾರು ಬೀಳ್ತದೆ, ನಿಮ್ಮಪ್ಪನೂ ಇದನ್ನೇ — ಅಷ್ಟಕ್ಕೇ ಮಾತು ನಿಲ್ಲಿಸಿ ಅವರು ಬಿಲ್ ಪುಸ್ತಕದ ಹಾಳೆ ತಿರುವಿದರು, ಹೌದು, ಅಪ್ಪನೂ ಇದನ್ನೇ, ಇದೇ ಕೌಂಟರಿನಿಂದ, ಹೋದ ವರ್ಷ ಇದೇ ಫೆಬ್ರವರಿಯಲ್ಲಿ. ಈಗ ಹೆಂಗಿದೆ ತಮ್ಮಯ್ಯನ ಕೈ? ಪರವಾಗಿಲ್ಲ ಅಣ್ಣ, ಚಮಚ ಹಿಡೀತಾರೆ. ಚಮಚ ಹಿಡಿಯುತ್ತಾರೆ, ಉಳಿ ಹಿಡಿಯಲಾಗುವುದಿಲ್ಲ, ಕೀಸುಳಿ ತಳ್ಳಲಾಗುವುದಿಲ್ಲ, ಆಲ್ದೂರಿನಲ್ಲಿ ತಮ್ಮಯ್ಯ ಮಾಡಿದ ಬಾಗಿಲು ಎಂದರೆ ಜಾವಳಿಯಿಂದಲೂ ಜನ ಬಂದು ಕಾಯುತ್ತಿದ್ದರು, ಈಗ ಶೆಡ್ಡಿನ ಬೀಗದ ಕೈ ಅವಳ ಬ್ಯಾಗಿನಲ್ಲಿದೆ, ಅಪ್ಪನಿಂದ ಕಲಿತ ಕೆಲಸ ಅವಳ ಕೈಯಲ್ಲಿದೆ, ಆ ಕೈ ಈಗ ವೇಲಿನೊಳಗೆ ಬೆವರುತ್ತಿದೆ.

ಬೇರೆ ಥರದ್ದು ಒಂದಿತ್ತಲ್ಲ ಅಣ್ಣ, ಹಲಗೆ ನಿಲ್ಲಿಸಿ ಕೊರೆಯೋದು? ಅದಾ, ಅದನ್ನ ಯಾರೂ ಕೇಳಲ್ಲ ಮಾರಾಯ್ತಿ, ಎನ್ನುತ್ತಲೇ ಅವರು ಸ್ಟೂಲ್ ಹತ್ತಿ ಮೇಲಿನ ಅರೆಯಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು, ಇದೂ ಕೆಂಪೇ, ಆದರೆ ಉದ್ದಕ್ಕಿದೆ, ಎರಡು ಹೆಬ್ಬೆರಳು ಸೇರಿಸಿದಷ್ಟೇ ದಪ್ಪ, ಅಲಗು ಅಡ್ಡಕ್ಕೆ ಚಾಚಿಕೊಂಡಿಲ್ಲ, ಮೇಲಿನಿಂದ ಕೆಳಕ್ಕೆ ಮೈಗೆ ಅಂಟಿಕೊಂಡಿದೆ. ಇದಕ್ಕೆ ಎತ್ತರದ ಆಸರೆ ಹಲಗೆ ಕಟ್ಟಬೇಕು, ಕೆಲಸ ನಿಧಾನ, ಹಲಗೆ ಒಂಚೂರು ವಾಲಿದ್ರೂ ಅಂಚು ಕೆಡ್ತದೆ, ಎಷ್ಟು ಬಾಗಿಲು? ಹದಿನಾಲ್ಕು. ಹದಿನಾಲ್ಕು! ದೊಡ್ಡದು ತಗೊ, ಎರಡು ದಿನದ ಕೆಲಸ. ಹದಿನಾಲ್ಕು ಬಾಗಿಲು, ಮಲ್ಲಂದೂರಿನ ಗಿರಿಜಾಂಬಮ್ಮನವರ ಹೊಸ ಅಡುಗೆಮನೆಗೆ, ಅವರು ತಮ್ಮ ತಾಯಿಯ ಕಾಲದ ಬೀರು ತೆರೆದು ತೋರಿಸಿದ್ದರು, ಹಿಂಗೇ ಬೇಕು ಮೋನಿಕಾ, ಕತ್ತಲಲ್ಲಿ ಮುಟ್ಟಿದ್ರೂ ಇಳಿಜಾರು ಬೆರಳಿಗೆ ಸಿಗ್ಬೇಕು, ಮರದ ಹೊಟ್ಟು ಒತ್ತಿ ಮಾಡಿದ ರೆಡಿಮೇಡ್ ಬಾಗಿಲು ನಂಗೆ ಬೇಡ, ನಿನ್ನ ಕೈಲಿ ಆಗ್ತದಲ್ಲ? ಆಗ್ತದೆ ಅಮ್ಮಾವ್ರೆ. ಯಾಕೆ ಹಾಗೆ ಅಂದಳು, ಬಾಯಿ ತಾನೇ ಅಂದುಬಿಟ್ಟಿತು, ಅವಳ ಸ್ವಂತ ಹೆಸರಿಗೆ ಬಂದ ಮೊದಲ ಕೆಲಸ, ಆ ಕ್ಷಣಕ್ಕೆ ಭಯ ನೆನಪಾಗಲಿಲ್ಲ, ಗೇಟು ದಾಟಿ ರಸ್ತೆಗೆ ಬಂದ ಮೇಲೆ ನೆನಪಾಗಿತ್ತು. ಸಣ್ಣದೇ ಕೊಡಿ ಅಣ್ಣ. ನೋಡು, ಆಮೇಲೆ ವಾಪಸ್ ತಂದ್ರೆ ತಗೊಳಲ್ಲ. ತರಲ್ಲ, ಕೊಡಿ, ಆ ದೊಡ್ಡದನ್ನು ಮೊದಲು ಒಳಗಿಡಿ, ದಯವಿಟ್ಟು.

ಬಸ್ಸಿನಲ್ಲಿ ಕಿಟಕಿಯ ಸೀಟು, ತೊಡೆಯ ಮೇಲೆ ಡಬ್ಬಿ, ಹೊರಗೆ ಕಣಗಳಲ್ಲಿ ಕಾಫಿಯ ಪಾರ್ಚ್‌ಮೆಂಟ್ ಒಣಗುತ್ತಿದೆ, ಯಾರೋ ಹೆಂಗಸು ಕಾಲಿನಿಂದ ಸಾಲು ಬಿಡಿಸುತ್ತ ಹೋಗುತ್ತಿದ್ದಾಳೆ, ಅವ್ವನೂ ಈಗ ಎಸ್ಟೇಟಿನಲ್ಲಿ ಇದೇ ಕೆಲಸದಲ್ಲಿರುತ್ತಾಳೆ, ಆ ದರಿದ್ರದ ಮಷೀನು ಮಾರಿ ನನ್ ಜೊತೆ ಬಾ, ಮೇಸ್ತ್ರಿಗೆ ಹೇಳ್ತೀನಿ ಎಂದು ಅವ್ವ ದಿನಾ ಅನ್ನುತ್ತಾಳೆ, ಪಾಪ, ಅವ್ವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬಿಟ್ ತಿರುಗಿಸುವ ಆ ಮಷೀನು, ರೂಟರು, ಅದರ ಬೆನ್ನಿನ ಮೇಲೆ ವೇಗದ ಒಂದು ಚಿಕ್ಕ ಗಾಲಿ, ಒಂದರಿಂದ ಆರು, ಒಂದಕ್ಕೆ ನಿಧಾನ, ಆರಕ್ಕೆ ವೇಗ, ಆವತ್ತು ಬೆಳಿಗ್ಗೆ ಕಿಟಕಿಪಟ್ಟಿಗೆ ಗೆರೆ ಎಳೆಯಲು ಕಡ್ಡಿಯಂಥ ಸಣ್ಣ ಬಿಟ್ ಹಾಕಿ ಆರಕ್ಕೆ ಇಟ್ಟವಳು ಅವಳು, ಮುಗಿಸಿ ಬಿಟ್ ಕಳಚಿದಳು, ಮೇಜು ಗುಡಿಸಿದಳು, ಕೈ ತೊಳೆದಳು, ಗಾಲಿ ತಿರುಗಿಸಲಿಲ್ಲ. ಮಧ್ಯಾಹ್ನ ಅಪ್ಪ ದೊಡ್ಡ ಬಿಟ್ ಕೂರಿಸಿದರು, ದೊಡ್ಡದಕ್ಕೆ ಒಂದು, ಹೆಚ್ಚೆಂದರೆ ಎರಡು, ಅಷ್ಟೇ ಇರಬೇಕು ಎಂದು ಅವಳಿಗೆ ಕಲಿಸಿದವರೇ ಅಪ್ಪ, ಸ್ವಿಚ್ ಒತ್ತಿದಾಗ ಅವಳು ಹಿಂದೆ ಒಲೆಗೆ ಬೆಂಕಿ ಹಾಕುತ್ತಿದ್ದಳು, ಶಬ್ದ ಬಂತು, ಕಿರಿಚಿದ ಹಾಗೆ, ತಗಡಿನ ಸೂರು ಗಿರ್ರೆಂದಿತು, ಇದ್ಯಾಕೆ ಹೀಗೆ ಎಂದುಕೊಂಡಳು, ಅಂದುಕೊಂಡು ಇನ್ನೊಂದು ಕಟ್ಟಿಗೆ ಇಟ್ಟಳು, ಒಂದು ಹಲಗೆ, ಎರಡನೆಯ ಹಲಗೆ, ಆಮೇಲೆ ಢಬ್ ಎಂದು ಹಲಗೆ ಗೋಡೆಗೆ ಬಡಿದ ಸದ್ದು. ಅಪ್ಪ ಕೂಗಲಿಲ್ಲ. ಅವಳು ಬಂದಾಗ ನಿಂತೇ ಇದ್ದರು, ಬಲಗೈಯನ್ನು ಎಡಗೈಯಿಂದ ಹೊಟ್ಟೆಗೆ ಒತ್ತಿಕೊಂಡು, ಮಷೀನು ಆರಿಸು ಮಗಾ ಎಂದರು, ಅವಳು ಆರಿಸಿದಳು, ಆಗಲೇ ಕಂಡದ್ದು, ಗಾಲಿಯ ಗೆರೆ ಆರರ ಮೇಲೆ. ಉಂಗುರದ ಬೆರಳು, ಕಿರುಬೆರಳು, ಎರಡೂ ಹೋಗಿದ್ದವು. ಆಸ್ಪತ್ರೆಗೆ ಜೀಪು ಬರುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿದಳು, ಹೆಬ್ಬೆರಳಿನಿಂದ ಗಾಲಿಯನ್ನು ಒಂದಕ್ಕೆ ತಿರುಗಿಸಿದಳು, ಒಂದು ಸೆಕೆಂಡಿನ ಕೆಲಸ, ಆ ಸೆಕೆಂಡನ್ನು ಒಂದು ವರ್ಷದಿಂದ ನುಂಗಿಕೊಂಡು ಕೂತಿದ್ದಾಳೆ. ಆಲ್ದೂರ್ ಇಳಿಯೋರು, ಆಲ್ದೂರ್, ಕಂಡಕ್ಟರ್ ಕೂಗುತ್ತಿದ್ದಾನೆ, ಅವಳು ಎದ್ದಾಗ ಡಬ್ಬಿ ಜಾರಿತು, ಹಿಡಿದುಕೊಂಡಳು, ಹತ್ತೂ ಬೆರಳಿನಿಂದ.

ಶೆಡ್ಡಿನ ಬಾಗಿಲಲ್ಲಿ ಅಪ್ಪ ಸ್ಟೂಲ್ ಹಾಕಿ ಕೂತಿದ್ದರು, ಬಲಗೈ ಜೇಬಿನಲ್ಲಿ, ಡಬ್ಬಿ ಎಡಗೈಯಿಂದ ತೆಗೆದು ಬಿಟ್ಟನ್ನು ಬೆಳಕಿಗೆ ಹಿಡಿದರು, ನಿಲ್ಲಿಸಿ ಕೊರೆಯೋದು ತಂದ್ಯಾ, ಕಲ್ಲೇಶ ನಗಾಡಿರ್ಬೇಕು. ನಗಾಡ್ಲಿಲ್ಲ. ದೊಡ್ಡದಾಗಿದ್ರೆ ಬೇಗ ಆಗ್ತಿತ್ತು. ಹೂಂ. ಅಪ್ಪ ಬಿಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ, ಗೋಡೆಗೆ ಒರಗಿಸಿದ ಹಲಸಿನ ಹಲಗೆಗಳು ಹಳದಿಯಾಗಿ ನಿಂತಿವೆ, ಹದಿನಾಲ್ಕೂ ಅವಳೇ ಅಂಟಿಸಿ, ಅಳತೆಗೆ ಕೊಯ್ದಿಟ್ಟದ್ದು, ಅವುಗಳ ಎದುರಿಗೆ ಹೇಳಲಾ, ಈಗ ಹೇಳದಿದ್ದರೆ ಸ್ವಿಚ್ ಒತ್ತುವಾಗ ಅದೇ ನೆನಪಾಗಿ ಕೈ ತಪ್ಪುತ್ತದೆ, ತಪ್ಪಿದರೆ — ಅಪ್ಪಾ, ಆವತ್ತು ಗಾಲಿ ಆರಕ್ಕೆ ಬಿಟ್ಟಿದ್ದು ನಾನು. ಹೇಳಿಬಿಟ್ಟಳು, ದನಿ ಯಾರದೋ ಥರ ಕೇಳಿತು. ಆಮೇಲೆ ಒಂದಕ್ಕೆ ತಿರುಗಿಸಿದ್ದೂ ನಾನೇ. ಅಪ್ಪ ಬಿಟ್ಟನ್ನು ನಿಧಾನಕ್ಕೆ ಮೇಜಿನ ಮೇಲೆ ಇಟ್ಟರು. ಗೊತ್ತು ಮಗಾ. ಏನು ಗೊತ್ತು? ಸ್ವಿಚ್ ಒತ್ತಿದ ತಕ್ಷಣ ಗೊತ್ತಾಯ್ತು, ಮೂವತ್ತು ವರ್ಷ ಮರದ ಕೆಲಸ ಮಾಡಿದೋನಿಗೆ ಆ ಶಬ್ದ ಗೊತ್ತಾಗಲ್ವಾ, ಆರಿಸ್ಬೇಕಿತ್ತು, ಎರಡು ಹಲಗೆ ಆಗಿತ್ತು, ಇನ್ನೆರಡೇ ಅಲ್ವಾ, ಮುಗಿಸ್ಕೊಂಡೇ ಆರಿಸೋಣ ಅಂತ ತಳ್ಳಿದೆ, ಗಾಲಿ ನಿಂದಿರ್ಬಹುದು, ತಳ್ಳಿದ್ದು ನನ್ ಕೈ. ಮತ್ತೆ ಯಾಕಪ್ಪ ಹೇಳ್ಲಿಲ್ಲ? ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ, ನಾನೇ ಮೊದ್ಲು ಹೇಳಿದ್ರೆ ತಳ್ಳಿದ್ದನ್ನೂ ಹೇಳ್ಬೇಕಾಗ್ತಿತ್ತಲ್ಲ, ನಂಗೂ ನಾಚಿಕೆ. ಅವಳು ಅಳಬೇಕಿತ್ತು, ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಇಷ್ಟು ದಿನ ಗಾಲಿ ನೋಡಿಕೊಂಡರೆ ಸಾಕು ಎಂದುಕೊಂಡಿದ್ದಳು, ಅಪ್ಪ ಎಲ್ಲ ಗೊತ್ತಿದ್ದೂ ತಳ್ಳಿದ್ದರು, ಶಬ್ದ ಕೇಳಿಯೂ ತಳ್ಳಿದ್ದರು, ಗೊತ್ತಿರುವುದು ಕೈಯನ್ನು ಕಾಯುವುದಿಲ್ಲ ಹಾಗಾದರೆ, ಸಂಜೆಯಾದಾಗ, ದಣಿದಾಗ, ಇನ್ನೆರಡೇ ಎಂದುಕೊಂಡಾಗ ಅವಳೂ ತಳ್ಳಿಬಿಡಬಹುದು.

ಮೂರಕ್ಕೆ ಇಡು, ಸಣ್ಣ ಬಿಟ್ಟಿಗೆ ಮೂರು ಸಾಕು ಎಂದರು ಅಪ್ಪ, ಇಟ್ಟಳು, ಗಟ್ಟಿಯಾಗಿ ಓದಿ ಹೇಳಿದಳು, ಮೂರು. ಮೊದ್ಲು ಮೇಲಿನ ತುದಿ, ಕೆಳಗಿನ ತುದಿ, ಆಮೇಲೆ ಉದ್ದದ ಎರಡು ಬದಿ, ಒಂದೇ ಸಲ ಆಳಕ್ಕೆ ಹೋಗ್ಬೇಡ, ಮೂರು ಸಲ ತಿನ್ಸು. ಗೊತ್ತಪ್ಪ. ಗೊತ್ತಿದ್ರೂ ಹೇಳ್ತೀನಿ, ಕೇಳು. ಬಿಟ್ ಕೂರಿಸಿ, ಎತ್ತರದ ಆಸರೆ ಹಲಗೆ ಕಟ್ಟಿ, ಅದಕ್ಕೆ ಮುಖ ತಾಗಿಸಿ ಹಲಸಿನ ಹಲಗೆಯನ್ನು ನಿಲ್ಲಿಸಿದಳು, ಎರಡೂ ಕೈಯಲ್ಲಿ ಹಲಗೆ ತಳ್ಳುವ ಮರದ ತುಂಡುಗಳು, ವೇಲು ಮೊಳೆಗೆ, ಬಳೆ ಜೇಬಿಗೆ, ಕನ್ನಡಕ ಹಾಕಿ ಸ್ವಿಚ್ ಒತ್ತಿದಳು, ಕಿರಿಚಲಿಲ್ಲ, ಗುಂಯ್ ಎಂದಿತು, ಜೇನು ಎದ್ದ ಹಾಗೆ, ಮತ್ತು ಬಿಟ್ ಮಾಯವಾಯಿತು. ಇದನ್ನು ಮರೆತಿದ್ದಳು, ಇದ್ದಲ್ಲೇ ಇರುತ್ತದೆ, ಕಣ್ಣಿಗೆ ಇರುವುದಿಲ್ಲ, ಕೆಂಪು ಇಲ್ಲ, ಅಲಗು ಇಲ್ಲ, ಮೇಜಿನ ತೂತಿನ ಮೇಲೆ ಬೂದಿ ಬಣ್ಣದ ಗಾಳಿ, ಬೆರಳು ಇಟ್ಟರೆ ಇನ್ನೊಂದು ಕಡೆಗೆ ಹಾಯ್ದು ಹೋಗುತ್ತದೆ ಎನ್ನುವಷ್ಟು ಖಾಲಿ. ತಳ್ಳು, ನಿಲ್ಲಿಸ್ಬೇಡ, ನಿಂತ್ರೆ ಸುಡ್ತದೆ, ತಳ್ಳಿದಳು, ಹಲಗೆ ಗಡಗಡ ನಡುಗಿತು, ಹಳದಿ ಪುಡಿ ಎದ್ದು ತುಟಿಗೆ ಬಿತ್ತು, ತುದಿ ದಾಟಿತು, ಮೊದಲ ಸಲ ಆಯಿತು, ಎರಡನೆಯ ಸಲಕ್ಕೆ ನಡು ಉಬ್ಬುವುದು ಕಂಡಿತು, ಮೂರನೆಯ ಸಲಕ್ಕೆ ಇಳಿಜಾರು ನುಣ್ಣಗೆ ಬಿತ್ತು, ಕೆಳಗಿನ ತುದಿ, ಉದ್ದದ ಒಂದು ಬದಿ, ಇನ್ನೊಂದು ಬದಿ, ಪ್ರತಿ ಸಲವೂ ಆ ಖಾಲಿ ಜಾಗದ ಹತ್ತಿರ ಬಂದಾಗ ಉಸಿರು ತಾನೇ ನಿಲ್ಲುತ್ತದೆ, ದಾಟಿದ ಮೇಲೆ ಬರುತ್ತದೆ. ಸ್ವಿಚ್ ಆರಿಸಿದಾಗ ಅಪ್ಪ ಎದ್ದು ಬಂದಿದ್ದರು, ಜೇಬಿನಿಂದ ಬಲಗೈ ತೆಗೆದು ಉಳಿದ ಬೆರಳುಗಳಿಂದ ನಾಲ್ಕೂ ಇಳಿಜಾರು ಸವರಿದರು, ಗಿರಿಜಾಂಬಮ್ಮ ಬಾಯಿ ಮುಚ್ಕೊಂಡು ತಗೋತಾರೆ ಎಂದರು, ನಕ್ಕರು, ಭಯ ಆಯ್ತಾ? ಆಯ್ತಪ್ಪ, ಈಗ್ಲೂ ಇದೆ. ಇರ್ಲಿ ಬಿಡು, ನಂಗೆ ಆವತ್ತು ಇರ್ಲಿಲ್ಲ. ಒಂದಾಯಿತು, ಇನ್ನು ಹದಿಮೂರು, ಇವತ್ತು ಇನ್ನೊಂದು ಸಾಕು, ಇನ್ನೆರಡೇ ಎಂದು ಅನ್ನಬಾರದು, ಅನ್ನಿಸಿದ ಕ್ಷಣವೇ ಆರಿಸಿ ಹೊರಗೆ ಹೋಗಬೇಕು, ಎರಡನೆಯ ಹಲಗೆ ನಿಲ್ಲಿಸಿದಳು, ಮೂರು ಎಂದು ಓದಿದಳು, ಒತ್ತಿದಳು, ಹಲಗೆ ಇಂಚಿಂಚಾಗಿ ಹೋಗುತ್ತಿದೆ, ಮರದ ತುಂಡು ಹಿಡಿದ ಅವಳ ಕಿರುಬೆರಳು, ಕಿರುಬೆರಳಿನ ಆಚೆ ಒಂದು ಗೇಣು ಹಲಸು, ಅದರಾಚೆ ಆ ಜಾಗ, ಏನೂ ಇಲ್ಲದ ಜಾಗ, ಹಳದಿ ಪುಡಿ ಅದರ ಸುತ್ತ ತಿರುಗುತ್ತಿದೆ, ಒಳಗೆ ಬೂದಿ ಗಾಳಿ, ಖಾಲಿ, ಹತ್ತಿರ ಬರುತ್ತಿದೆ, ಖಾಲಿ, ಅದರ ಮೇಲಿಂದ ಕಣ್ಣು ಕೀಳದೆ ಅವಳು ತಳ್ಳುತ್ತಿದ್ದಾಳೆ.